ಸೇವೆಯ ಹೊಣೆ, ನಿರ್ಧಾರದ ಹಕ್ಕು: ಪುಣೆಯ ಆರೋಗ್ಯ ಚರಿತ್ರೆಯಲ್ಲಿ ಮಹಿಳೆಯರು

ಗಡಿಗಳನ್ನು ಲೆಕ್ಕಿಸದ ಸಾಂಕ್ರಾಮಿಕ ರೋಗಗಳು, ತಾಯಂದಿರ ಮತ್ತು ಶಿಶುಗಳ ಮರಣ, ಲಸಿಕೆ ಹಾಗೂ ಔಷಧಗಳ ಹಂಚಿಕೆ ಮುಂತಾದ ಪ್ರಶ್ನೆಗಳನ್ನು ಹಲವು ದೇಶಗಳು ಒಟ್ಟಾಗಿ ಎದುರಿಸುವ ಕಾರ್ಯಕ್ಷೇತ್ರವನ್ನು ಇಂದು ಜಾಗತಿಕ ಆರೋಗ್ಯ ಎಂದು ಕರೆಯಲಾಗುತ್ತದೆ. ಈ ಕ್ಷೇತ್ರದಲ್ಲಿ ಮಹಿಳೆಯರ ಸ್ಥಾನ ಯಾವುದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿ ಎರಡು ಅಂಕಿಗಳಲ್ಲಿ ಹೇಳಿತು: ಪ್ರಪಂಚದ ಆರೋಗ್ಯ ಮತ್ತು ಸಮಾಜಸೇವಾ ವಲಯದ ದುಡಿಮೆಗಾರರಲ್ಲಿ ಶೇಕಡಾ 70ರಷ್ಟು ಮಂದಿ ಮಹಿಳೆಯರು, ಆದರೆ ಹಿರಿಯ ಹುದ್ದೆಗಳಲ್ಲಿ ಅವರ ಪಾಲು ಶೇಕಡಾ 25ರಷ್ಟು ಮಾತ್ರ. ಆರೈಕೆಯ ಭಾರ ಒಬ್ಬರ ಮೇಲೆ, ಹಣ, ನೇಮಕ ಮತ್ತು ನೀತಿಯ ಅಧಿಕಾರ ಇನ್ನೊಬ್ಬರ ಕೈಯಲ್ಲಿ ಎಂಬ ಈ ಏರ್ಪಾಡು ಇತ್ತೀಚಿನದಲ್ಲ. ಅದು ರೂಪುಗೊಂಡ ಬಗೆಯನ್ನೂ ಅದಕ್ಕೆ ಎದುರಾದ ಪ್ರಯತ್ನಗಳನ್ನೂ ಒಂದೇ ಊರಿನ ಚರಿತ್ರೆಯಲ್ಲಿ ಗುರುತಿಸಬೇಕೆಂದರೆ ಪುಣೆಯಷ್ಟು ತುಂಬಿದ ದಾಖಲೆಯುಳ್ಳ ನಗರಗಳು ಭಾರತದಲ್ಲಿ ಕಡಿಮೆ. ಸುಮಾರು 160 ವರ್ಷಗಳ ಈ ಚರಿತ್ರೆ ತೋರಿಸುವ ಸಂಗತಿಯೆಂದರೆ, ಬೇರೆಯವರು ಕಟ್ಟಿದ ಆಸ್ಪತ್ರೆಯೊಳಗೆ ಪ್ರವೇಶ ದೊರೆತಾಗ ಮಹಿಳೆಯರಿಗೆ ಕೆಲಸ ದೊರೆಯಿತು. ಸಂಸ್ಥೆಯನ್ನೇ ಕಟ್ಟಿದಾಗ ಅಥವಾ ಅದರ ಆಡಳಿತವನ್ನು ದೀರ್ಘಕಾಲ ಹಿಡಿದಾಗ ಮಾತ್ರ ನಿರ್ಧರಿಸುವ ಹಕ್ಕು ದೊರೆಯಿತು.

ಪೇಶ್ವೆಗಳ ರಾಜಧಾನಿಯಾಗಿದ್ದ ಪುಣೆ 1818ರಲ್ಲಿ ಇಂಗ್ಲಿಷರ ಆಳ್ವಿಕೆಗೆ ಒಳಪಟ್ಟ ಬಳಿಕವೂ ಅಲ್ಲಿನ ಹೆರಿಗೆಗಳು ಬಹುಕಾಲ ಮನೆಯ ಕತ್ತಲೆ ಕೋಣೆಯಲ್ಲಿ, ಸೂಲಗಿತ್ತಿಯರ ಕೈಯಲ್ಲೇ ನಡೆದವು. ಡೇವಿಡ್ ಸಸೂನ್ ಅವರ ದಾನದ ನೆರವಿನಿಂದ ಎದ್ದ ಸಸೂನ್ ಆಸ್ಪತ್ರೆ 1867ರಲ್ಲಿ ತೆರೆಯಿತು. ಅದಕ್ಕೆ ಹೊಂದಿಕೊಂಡು 1878ರಲ್ಲಿ ಬೈರಾಮ್‌ಜಿ ಜೀಜೀಭಾಯ್ ಹೆಸರಿನ ವೈದ್ಯಕೀಯ ಶಾಲೆ ಆರಂಭವಾಯಿತು. ಆದರೆ ಪರಪುರುಷನ ಮುಂದೆ ಮೈಯ ನೋವನ್ನು ಹೇಳಿಕೊಳ್ಳುವುದಕ್ಕಿಂತ ಸಾವೇ ಲೇಸೆಂದು ಬಗೆಯುವ ಕುಟುಂಬಗಳಿದ್ದ ಸಮಾಜದಲ್ಲಿ, ವೈದ್ಯರೆಲ್ಲ ಗಂಡಸರೇ ಆಗಿದ್ದ ಆಸ್ಪತ್ರೆಯಿಂದ ಹೆಂಗಸರಿಗೆ ಆದ ಉಪಯೋಗ ಅಲ್ಪವೇ ಆಗಿತ್ತು. ಬಾಲ್ಯವಿವಾಹ, ಎಳೆಯ ವಯಸ್ಸಿನ ಬಸಿರು ಮತ್ತು ವಿಧವೆಯರ ಮೇಲಿನ ನಿರ್ಬಂಧಗಳು ರೋಗದ ಕಾರಣಗಳೂ ಆಗಿದ್ದುದರಿಂದ, ಪುಣೆಯಲ್ಲಿ ಮಹಿಳೆಯರ ಆರೋಗ್ಯದ ಪ್ರಶ್ನೆ ಮೊದಲು ಎದ್ದುದು ವೈದ್ಯರ ನಡುವೆ ಅಲ್ಲ, ಸಮಾಜ ಸುಧಾರಕರ ನಡುವೆ.

1848ರಲ್ಲಿ ಪುಣೆಯ ಭಿಡೆವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1863ರಲ್ಲಿ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ಸ್ಥಾಪಿಸಿದರು. ಬಸಿರಾದ ವಿಧವೆಯರು ಅಪಮಾನದ ಭಯದಿಂದ ಶಿಶುವನ್ನು ಕೊಲ್ಲುವುದನ್ನು ಅಥವಾ ತಾವೇ ಪ್ರಾಣ ಕಳೆದುಕೊಳ್ಳುವುದನ್ನು ತಡೆಯುವುದು ಇದರ ಉದ್ದೇಶವಾಗಿತ್ತು. ಹೆಸರು ಹೊರಗೆಡಹದೆ ಇಲ್ಲಿ ಬಂದು ಹೆರಿಗೆ ಮಾಡಿಸಿಕೊಳ್ಳಬಹುದು, ಮಗುವನ್ನು ಕೊಂಡೊಯ್ಯಬಹುದು ಅಥವಾ ಬಿಟ್ಟುಹೋಗಬಹುದು ಎಂಬ ಪ್ರಕಟಣೆಯನ್ನು ಅವರು ಊರಿನಲ್ಲಿ ಹೊರಡಿಸಿದ್ದರು. ಬಾಣಂತಿಯರ ಮತ್ತು ಕೂಸುಗಳ ಆರೈಕೆಯ ಹೊಣೆ ಸಾವಿತ್ರಿಬಾಯಿಯವರದಾಗಿತ್ತು. ಅಲ್ಲಿ ಹುಟ್ಟಿದ ಬ್ರಾಹ್ಮಣ ವಿಧವೆಯೊಬ್ಬರ ಮಗ ಯಶವಂತನನ್ನು ದಂಪತಿ ದತ್ತು ತೆಗೆದುಕೊಂಡರು. ಆತ ಮುಂದೆ ವೈದ್ಯನಾದ. ಭಾರತದ ಹೆಣ್ಣುಮಕ್ಕಳಿಗೆ ವೈದ್ಯಕೀಯ ಪದವಿಯ ಪ್ರಶ್ನೆಯೇ ಇಲ್ಲದಿದ್ದ ಕಾಲದಲ್ಲಿ ಮಹಿಳೆಯೊಬ್ಬಳು ಹೆರಿಗೆಯ ಮನೆಯೊಂದನ್ನು ನಡೆಸಿದಳೆಂಬುದಕ್ಕಿಂತಲೂ ಮುಖ್ಯವಾದುದು, ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು, ಯಾವ ಪ್ರಶ್ನೆಯನ್ನು ಕೇಳಬಾರದು ಎಂಬ ನಿಯಮವನ್ನು ಆ ಮನೆಯ ಒಡೆಯರೇ ರೂಪಿಸಿದರೆಂಬುದು. ಧರ್ಮದ ಅಥವಾ ಸರ್ಕಾರದ ಅಪ್ಪಣೆಗೆ ಕಾಯದೆ ನಡೆದ ಈ ಗೃಹ ಆ ಕಾರಣದಿಂದಲೇ ಪುಣೆಯ ಆರೋಗ್ಯ ಚರಿತ್ರೆಯಲ್ಲಿ ಒಂದು ಮೊದಲ ಘಟ್ಟವಾಗುತ್ತದೆ.

ಇದೇ ಪ್ರಶ್ನೆಯನ್ನು ಸರ್ಕಾರದ ಮುಂದೆ ಸಾಕ್ಷ್ಯವಾಗಿ ಇರಿಸಿದವರು ಕನ್ನಡ ನಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧವನ್ನು ಎದುರಿಸಿದ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದ್ದಾಗ, 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ತಾಯಿಯಿಂದ ಸಂಸ್ಕೃತ ಕಲಿತ ರಮಾಬಾಯಿ 1870ರ ದಶಕದ ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣನೊಡನೆ ದೇಶ ಸುತ್ತಿ, 1878ರಲ್ಲಿ ಕಲ್ಕತ್ತದ ವಿದ್ವಾಂಸರಿಂದ ಪಂಡಿತೆ ಎಂಬ ಬಿರುದು ಪಡೆದರು. ಮದುವೆಯಾದ ಕೆಲವೇ ಕಾಲದಲ್ಲಿ ಕಾಲರಾ ಗಂಡನನ್ನು ಕೊಂಡೊಯ್ದಿತು. 1882ರಲ್ಲಿ ಎಳೆಯ ಮಗಳೊಂದಿಗೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಭಾರತದ ಶಿಕ್ಷಣ ಸ್ಥಿತಿಯನ್ನು ವಿಚಾರಿಸಲು ನೇಮಕಗೊಂಡಿದ್ದ ಹಂಟರ್ ಆಯೋಗ ಪುಣೆಗೆ ಬಂದಾಗ, ರಮಾಬಾಯಿ ಮರಾಠಿಯಲ್ಲಿ ಸಾಕ್ಷ್ಯ ನುಡಿದರು. ಹೆಣ್ಣುಮಕ್ಕಳ ಶಾಲೆಗಳಿಗೆ ಮಹಿಳಾ ಶಿಕ್ಷಕಿಯರೂ ಮಹಿಳಾ ತನಿಖಾಧಿಕಾರಿಗಳೂ ಬೇಕು ಎಂದು ವಾದಿಸಿದ ಅವರು, ಗಂಡಸರ ಮುಂದೆ ಕಾಯಿಲೆ ಹೇಳಿಕೊಳ್ಳಲಾರದೆ ಹೆಂಗಸರು ಸಾಯುತ್ತಿರುವುದರಿಂದ ಮಹಿಳೆಯರಿಗೆ ವೈದ್ಯ ವಿದ್ಯೆ ಕಲಿಸುವುದು ಸರ್ಕಾರದ ಹೊಣೆಯೆಂದೂ ಹೇಳಿದರು. ಗಮನಿಸಬೇಕಾದುದೆಂದರೆ, ಶಿಕ್ಷಕಿಯ ಬೇಡಿಕೆಯ ಪಕ್ಕದಲ್ಲೇ ತನಿಖಾಧಿಕಾರಿಯ ಬೇಡಿಕೆಯೂ ಇತ್ತು. ಕೆಲಸ ಮಾಡುವವಳು ಮತ್ತು ಮೇಲ್ವಿಚಾರಣೆ ನಡೆಸುವವಳು ಇಬ್ಬರೂ ಮಹಿಳೆಯರಾಗಿರಬೇಕು ಎಂಬ ನಿಲುವು 1882ರಲ್ಲೇ ಅವರಲ್ಲಿ ಸ್ಪಷ್ಟವಾಗಿತ್ತು.

ಸರ್ಕಾರಿ ವಲಯ ಆ ಬೇಡಿಕೆಯ ಅರ್ಧವನ್ನು ಮಾತ್ರ ಒಪ್ಪಿತು. ವೈಸರಾಯ್ ಪತ್ನಿ ಲೇಡಿ ಡಫರಿನ್ 1885ರಲ್ಲಿ ಭಾರತದ ಮಹಿಳೆಯರಿಗೆ ಮಹಿಳೆಯರಿಂದಲೇ ವೈದ್ಯಕೀಯ ನೆರವು ಒದಗಿಸುವ ಸಂಘವನ್ನು ಆರಂಭಿಸಿದರು. ಡಫರಿನ್ ನಿಧಿಯೆಂದು ಹೆಸರಾದ ಇದರ ಹಣದಿಂದ ಹಲವೆಡೆ ಹೆಣ್ಣುಮಕ್ಕಳ ಆಸ್ಪತ್ರೆಗಳು ಎದ್ದವು, ವೈದ್ಯೆಯರು, ನರ್ಸುಗಳು ಮತ್ತು ಸೂಲಗಿತ್ತಿಯರು ತರಬೇತಿ ಪಡೆದರು. ಆದರೆ ಈ ಆಸ್ಪತ್ರೆಗಳ ವೈದ್ಯೆಯರು ಬಹುಮಟ್ಟಿಗೆ ಜಿಲ್ಲಾ ಸಿವಿಲ್ ಸರ್ಜನ್‌ನ, ಅಂದರೆ ಜಿಲ್ಲೆಯ ವೈದ್ಯಾಡಳಿತದ ಮುಖ್ಯಸ್ಥನಾದ ಪುರುಷ ಅಧಿಕಾರಿಯ, ಕೈಕೆಳಗಿದ್ದರು. ಮೇಲಿನ ಹುದ್ದೆಗಳಿಗೆ ಬ್ರಿಟನ್‌ನಿಂದ ಬಂದ ವೈದ್ಯೆಯರು, ಕೆಳಗಿನ ಹುದ್ದೆಗಳಿಗೆ ಇಲ್ಲಿ ಕಲಿತ ಭಾರತೀಯ ಹೆಣ್ಣುಮಕ್ಕಳು ಎಂಬ ಶ್ರೇಣಿಯೂ ಬೇರೂರಿತು. ಈ ಅತೃಪ್ತಿಯಿಂದ 1907ರಲ್ಲಿ ಭಾರತದ ವೈದ್ಯೆಯರ ಸಂಘ ಹುಟ್ಟಿತು, 1914ರಲ್ಲಿ ಮಹಿಳಾ ವೈದ್ಯಕೀಯ ಸೇವೆ ಎಂಬ ಪ್ರತ್ಯೇಕ ವೃಂದ ರಚನೆಯಾಯಿತು; ಆದರೂ ಅದರ ಎತ್ತರದ ಹುದ್ದೆಗಳು ಬಹುಕಾಲ ಯುರೋಪಿಯನ್ ಮಹಿಳೆಯರಲ್ಲೇ ಉಳಿದವು. ಲಿಂಗದ ಅಸಮಾನತೆಯೊಂದಿಗೆ ಜನಾಂಗದ ಅಸಮಾನತೆಯೂ ಹೆಣೆದುಕೊಂಡಿದ್ದನ್ನು ಈ ವ್ಯವಸ್ಥೆ ತೋರಿಸುತ್ತದೆ.

ಇದೇ ಅವಧಿಯ ಇನ್ನೊಂದು ಹೆಸರು ಆನಂದಿಬಾಯಿ ಜೋಶಿ. 1865ರಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ಗೋಪಾಲರಾವ್ ಜೋಶಿಯವರನ್ನು ಮದುವೆಯಾಗಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಮಗುವನ್ನು ಹತ್ತೇ ದಿನಗಳಲ್ಲಿ ಕಳೆದುಕೊಂಡ ಆನಂದಿಬಾಯಿ ವೈದ್ಯಳಾಗುವ ನಿಶ್ಚಯ ಮಾಡಿದರು. ಮಹಿಳೆಯರೇ ನಡೆಸುತ್ತಿದ್ದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿಗೆ 1883ರಲ್ಲಿ ಸೇರಿದ ಅವರು, ಆರ್ಯ ಹಿಂದೂಗಳ ಪ್ರಸೂತಿ ಪದ್ಧತಿಯ ಕುರಿತು ಪ್ರಬಂಧ ಬರೆದು 1886ರ ಮಾರ್ಚ್ 11ರಂದು ಪದವಿ ಪಡೆದರು. ಆ ಸಮಾರಂಭಕ್ಕೆ ಕಾಲೇಜಿನ ಡೀನ್ ರೇಚಲ್ ಬಾಡ್ಲಿಯವರ ಆಹ್ವಾನದ ಮೇರೆಗೆ ಇಂಗ್ಲೆಂಡಿನಿಂದ ಬಂದವರು, ಆನಂದಿಬಾಯಿಯವರ ದೂರದ ಬಂಧುವೂ ಆಗಿದ್ದ ರಮಾಬಾಯಿ. ರಮಾಬಾಯಿಯವರೂ ಇಂಗ್ಲೆಂಡಿಗೆ ಹೋದುದು ವೈದ್ಯಕೀಯ ಕಲಿಯುವ ಆಸೆಯಿಂದಲೇ. ಕಿವಿ ಮಂದವಾಗಿದ್ದುದರಿಂದ ಆ ಬಾಗಿಲು ಅವರಿಗೆ ಮುಚ್ಚಿತು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಹೊಣೆಗೆ ನೇಮಕಗೊಂಡು ತಾಯ್ನಾಡಿಗೆ ಮರಳಿದ ಆನಂದಿಬಾಯಿ ಕ್ಷಯದಿಂದ ನರಳಿ, ಆ ಹುದ್ದೆಯನ್ನು ನಿರ್ವಹಿಸುವ ಮೊದಲೇ, 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಆಗ ಅವರಿಗೆ 22 ತುಂಬಿರಲಿಲ್ಲ. ಪದವಿಯ ಮಟ್ಟಿಗೆ ಇತಿಹಾಸ ನಿರ್ಮಾಣವಾಗಿತ್ತು; ಆದರೆ ಮುಂದಿನ ಹೆಣ್ಣುಮಕ್ಕಳಿಗೆ ಕಲಿಸುವ ಸಂಸ್ಥೆಯೊಂದು ಅದರಿಂದ ಬೆಳೆಯಲು ಕಾಲ ಅವಕಾಶ ಕೊಡಲಿಲ್ಲ. ವೈದ್ಯೆಯಾಗಲಾರದ ರಮಾಬಾಯಿಯಾದರೋ ಅಮೆರಿಕದಲ್ಲಿ ಹಣ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದು, ಮುಂದೆ ಕೇಡಗಾಂವ್‌ನಲ್ಲಿ ಮುಕ್ತಿ ಸದನವನ್ನು ಕಟ್ಟಿದರು.

ಸಂಸ್ಥೆಯ ಒಡೆತನ ಒದಗಿಸುವ ಬಲ ಏನೆಂಬುದು 1897ರ ಪ್ಲೇಗಿನಲ್ಲಿ ಕಂಡುಬಂತು. ಹಿಂದಿನ ವರ್ಷ ಮುಂಬಯಿಗೆ ಬಂದ ಪ್ಲೇಗ್ ಪುಣೆಗೆ ಹರಡಿದಾಗ, ವಾಲ್ಟರ್ ರ‍್ಯಾಂಡ್ ಅಧ್ಯಕ್ಷತೆಯ ಪ್ಲೇಗ್ ಸಮಿತಿ ಮಾರ್ಚ್ ತಿಂಗಳಿಂದ ಗೋರಾ ಸೈನಿಕರ ಮೂಲಕ ಮನೆಮನೆ ತಪಾಸಣೆ ನಡೆಸಿತು. ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸುವ, ಹೆಂಗಸರ ಮೈ ಪರೀಕ್ಷಿಸುವ ಕ್ರಮಗಳು ಊರನ್ನು ಕೆರಳಿಸಿದವು. ಜೂನ್ 22ರಂದು ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ದು ರಾಷ್ಟ್ರೀಯ ಚಳವಳಿಯ ಇತಿಹಾಸದಲ್ಲಿ ವಿಸ್ತಾರವಾಗಿ ದಾಖಲಾಗಿದೆ. ಅದೇ ಪ್ಲೇಗಿನಲ್ಲಿ ಇಬ್ಬರು ಮಹಿಳೆಯರ ಪಾತ್ರ ಅಷ್ಟಾಗಿ ಚರ್ಚೆಯಾಗಿಲ್ಲ. ಹಡಪ್ಸರದ ಬಳಿ, ಊರಿನ ಹೊರಗೆ, ಮಗ ಯಶವಂತ ನಡೆಸುತ್ತಿದ್ದ ಚಿಕಿತ್ಸಾ ಶಿಬಿರದಲ್ಲಿ ರೋಗಿಗಳ ಶುಶ್ರೂಷೆಗೆ ನಿಂತ ಸಾವಿತ್ರಿಬಾಯಿ, ಮುಂಢ್ವೆಯ ದಲಿತ ಕೇರಿಯ ಹುಡುಗನೊಬ್ಬನನ್ನು ಹೊತ್ತು ತಂದು, ಸೋಂಕು ತಗಲಿ ಮಾರ್ಚ್ 10ರಂದು ತೀರಿಕೊಂಡರು. ರಮಾಬಾಯಿ ಸರ್ಕಾರಿ ಪ್ಲೇಗ್ ಆಸ್ಪತ್ರೆಯ ಅವ್ಯವಸ್ಥೆಯನ್ನೂ ಅಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲದ ಸ್ಥಿತಿಯನ್ನೂ ಪತ್ರಿಕೆಯಲ್ಲಿ ಬರೆದು ಟೀಕಿಸಿದರು; ಆ ಪತ್ರದ ವಿಷಯ ಬ್ರಿಟಿಷ್ ಸಂಸತ್ತಿನಲ್ಲೂ ಪ್ರಸ್ತಾಪವಾಯಿತು. ಸರ್ಕಾರದ ಸಂಬಳದಲ್ಲಿದ್ದ ಯಾವ ವೈದ್ಯೆಯೂ ಸುಲಭವಾಗಿ ಆಡಲಾರದ ಮಾತನ್ನು ಸ್ವಂತ ಸಂಸ್ಥೆಯ ಮುಖ್ಯಸ್ಥೆ ಆಡಬಲ್ಲವಳಾಗಿದ್ದಳು.

ಮುಂದಿನ ಘಟ್ಟ ನರ್ಸಿಂಗ್ ವೃತ್ತಿಯದು. 1909ರಲ್ಲಿ ಸ್ಥಾಪನೆಯಾದ ಪುಣೆ ಸೇವಾ ಸದನವನ್ನು ರಮಾಬಾಯಿ ರಾನಡೆಯವರ ಅಧ್ಯಕ್ಷತೆ ಮತ್ತು ಭಾರತ ಸೇವಕ ಸಮಾಜದ ಗೋಪಾಲ ಕೃಷ್ಣ ದೇವಧರ ಅವರ ಸಂಘಟನಾ ಶಕ್ತಿ ಜೊತೆಯಾಗಿ ಬೆಳೆಸಿದವು. ರೋಗಿಯ ಮಲಮೂತ್ರ ಮುಟ್ಟುವ ಕೆಲಸವೆಂದು ಮೇಲ್ಜಾತಿಗಳು ಹೀನವಾಗಿ ಕಾಣುತ್ತಿದ್ದ ಈ ವೃತ್ತಿಗೆ ಅದೇ ಜಾತಿಗಳ ವಿಧವೆಯರನ್ನು ಅಣಿಗೊಳಿಸಿ, ಅವರನ್ನು ಸಸೂನ್ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿಸಿ, ಉಳಿಯಲು ವಸತಿಗೃಹವನ್ನು ಕಲ್ಪಿಸಿದುದು ಸದನದ ಸಾಧನೆ. ಬೇರೆಯವರ ಮನೆಯಲ್ಲಿ ತಲೆ ಬೋಳಿಸಿಕೊಂಡು ಅಡುಗೆ ಮಾಡಿಕೊಂಡಿರಬೇಕಾಗಿದ್ದ ಹೆಣ್ಣಿಗೆ ಸಂಬಳ ಮತ್ತು ಸಮವಸ್ತ್ರ ಕೊಟ್ಟ ಈ ಬದಲಾವಣೆಯನ್ನು ಸಣ್ಣದೆನ್ನಲಾಗದು. ಆದರೂ ಇದರೊಳಗೆ ಒಂದು ಮಿತಿಯಿತ್ತು: ನರ್ಸಿಂಗ್ ಹೆಣ್ಣಿನ ಸಹಜ ಧರ್ಮ, ತ್ಯಾಗದ ವಿಸ್ತರಣೆ ಎಂಬ ವಾದದಿಂದಲೇ ಸಮಾಜವನ್ನು ಒಪ್ಪಿಸಬೇಕಾಗಿ ಬಂದುದರಿಂದ, ತ್ಯಾಗಕ್ಕೆ ಕೂಲಿ ಕೇಳುವುದು, ಆಸ್ಪತ್ರೆಯ ಆಡಳಿತದಲ್ಲಿ ಪಾಲು ಕೇಳುವುದು ನರ್ಸುಗಳ ಮಟ್ಟಿಗೆ ಅನುಚಿತವೆಂಬ ಭಾವನೆಯೂ ಅದರೊಂದಿಗೆ ಬೆಳೆಯಿತು. ಜಾಗತಿಕ ಅಂಕಿಗಳಲ್ಲಿ ಕಾಣುವ ಅಂತರದ ಒಂದು ಬೇರು ಇಲ್ಲಿದೆ.

ತ್ಯಾಗದ ಭಾಷೆಯನ್ನು ಬಿಟ್ಟು ಹಕ್ಕಿನ ಭಾಷೆಯನ್ನು ಬಳಸಿದವರು ಶಕುಂತಲಾ ಪರಾಂಜಪೆ. ಗಣಿತಜ್ಞ ರ‍್ಯಾಂಗ್ಲರ್ ಪರಾಂಜಪೆಯವರ ಮಗಳಾಗಿ 1906ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ದುಡಿದು ಮರಳಿದ ಅವರು, 1938ರಿಂದ ಪುಣೆಯಲ್ಲಿ ಸಂತಾನ ನಿಯಂತ್ರಣದ ಕಾರ್ಯಕ್ಕೆ ಇಳಿದರು. ಎಷ್ಟು ಬಾರಿ ಹೆರಬೇಕೆಂಬುದನ್ನು ಹೆರುವವಳು ತೀರ್ಮಾನಿಸಬೇಕು ಎಂಬ ಮಾತನ್ನು ಆಡುವುದೇ ಅಶ್ಲೀಲವೆನಿಸುತ್ತಿದ್ದ ಕಾಲವದು. ಮುಂಬಯಿಯಲ್ಲಿ ಇದೇ ವಿಷಯವಾಗಿ ಪತ್ರಿಕೆ ನಡೆಸುತ್ತಿದ್ದ ಅವರ ಬಂಧು ರಘುನಾಥ ಧೋಂಡೊ ಕರ್ವೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದಿತ್ತು. ಮುಂದೆ ವಿಧಾನ ಪರಿಷತ್ತಿನ ಸದಸ್ಯೆಯಾಗಿ, 1964ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಶಕುಂತಲಾ, ಬೀದಿಯ ಕೆಲಸವನ್ನು ಶಾಸನ ಸಭೆಯ ಚರ್ಚೆಯಾಗಿಸಿದರು. 1991ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು.

ಈ ಎಲ್ಲ ಎಳೆಗಳು ಒಂದೆಡೆ ಸೇರಿದುದು ಡಾ. ಬಾನೂ ಕೊಯಾಜಿಯವರಲ್ಲಿ. 1917ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸ್ತ್ರೀರೋಗ ಶಾಸ್ತ್ರ ಕಲಿತ ಈ ಪಾರ್ಸಿ ವೈದ್ಯೆ, 1944ರಲ್ಲಿ ಪುಣೆಯ ರಾಸ್ತಾ ಪೇಟೆಯ ಕಿಂಗ್ ಎಡ್ವರ್ಡ್ ಮೆಮೋರಿಯಲ್ ಆಸ್ಪತ್ರೆಯ ಹೊಣೆ ವಹಿಸಿಕೊಂಡರು. ಕೆ.ಇ.ಎಂ. ಎಂದು ಜನ ಕರೆಯುವ, 1912ರಲ್ಲಿ ಆರಂಭವಾದ ಆ ಆಸ್ಪತ್ರೆ ಆಗ 40 ಹಾಸಿಗೆಗಳ ಹೆರಿಗೆ ಆಸ್ಪತ್ರೆ. ಅರ್ಧ ಶತಮಾನಕ್ಕೂ ಮಿಕ್ಕ ಅವರ ಆಡಳಿತದಲ್ಲಿ ಅದು 500ಕ್ಕೂ ಹೆಚ್ಚು ಹಾಸಿಗೆಗಳ, ಸಂಶೋಧನಾ ಕೇಂದ್ರವನ್ನೂ ಹೊಂದಿದ ದೊಡ್ಡ ಆಸ್ಪತ್ರೆಯಾಯಿತು. ಹಳ್ಳಿಗಳಿಂದ ಕೊನೆಯ ಗಳಿಗೆಯಲ್ಲಿ ಬರುತ್ತಿದ್ದ ಬಸುರಿಯರನ್ನು ಕಂಡ ಕೊಯಾಜಿ, ಆಸ್ಪತ್ರೆಯೇ ಹಳ್ಳಿಗೆ ಹೋಗಬೇಕೆಂಬ ತೀರ್ಮಾನಕ್ಕೆ ಬಂದು, 1970ರ ದಶಕದಲ್ಲಿ ಪುಣೆ ಜಿಲ್ಲೆಯ ವಢು ಬುದ್ರುಕ್‌ನಲ್ಲಿ ಗ್ರಾಮೀಣ ಆರೋಗ್ಯ ಯೋಜನೆಯನ್ನು ಕಟ್ಟಿದರು. ಊರಿನ ಹೆಣ್ಣುಮಕ್ಕಳನ್ನೇ ಸಮುದಾಯ ಆರೋಗ್ಯ ಕಾರ್ಯಕರ್ತೆಯರಾಗಿ, ಅಂದರೆ ಸಣ್ಣ ಕಾಯಿಲೆಗೆ ಮದ್ದು ಕೊಡುವ, ಬಸುರಿಯರ ಲೆಕ್ಕ ಇಡುವ, ಅಪಾಯದ ಲಕ್ಷಣ ಕಂಡೊಡನೆ ಆಸ್ಪತ್ರೆಗೆ ಕಳುಹಿಸುವ ನೆರೆಹೊರೆಯವರಾಗಿ, ತರಬೇತುಗೊಳಿಸಿದುದು ಅದರ ತಿರುಳು. 1977ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯಲ್ಲಿ ಬಹುಪಾಲು ಆಯ್ಕೆಯಾದವರು ಗಂಡಸರು ಎಂಬುದನ್ನು ನೆನೆದರೆ ವಢುವಿನ ಆಯ್ಕೆಯ ಮಹತ್ವ ತಿಳಿಯುತ್ತದೆ. 1980ರ ದಶಕದ ಕೊನೆಯಲ್ಲಿ ಮದುವೆಯಾಗದ ಹದಿಹರೆಯದ ಹುಡುಗಿಯರಿಗಾಗಿ ಓದು, ಆಹಾರ, ಆರೋಗ್ಯ ಮತ್ತು ಕೈಕಸುಬುಗಳನ್ನು ಒಟ್ಟಿಗೆ ಕಲಿಸುವ ಕಾರ್ಯಕ್ರಮವೂ ಅಲ್ಲಿ ಆರಂಭವಾಯಿತು. ತಾಯಿಯಾದ ಮೇಲೆ ಹೆಣ್ಣನ್ನು ಗಮನಿಸುವ ಆರೋಗ್ಯ ನೀತಿ ತಡವಾಗಿ ಬರುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆಯಾಗಿತ್ತು. 1989ರಲ್ಲಿ ಪದ್ಮಭೂಷಣವನ್ನೂ 1993ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿಯನ್ನೂ ಪಡೆದ ಕೊಯಾಜಿ 2004ರಲ್ಲಿ ತೀರಿಕೊಂಡರು. ಅವರ ನೇತೃತ್ವದ ವಿಶೇಷವಿರುವುದು ದೀರ್ಘ ಅವಧಿಯಲ್ಲಿ: ಆಯವ್ಯಯ, ನೇಮಕ ಮತ್ತು ಸಂಶೋಧನೆಯ ವಿಷಯಗಳ ಆಯ್ಕೆ ಒಬ್ಬ ಮಹಿಳೆಯ ಕೈಯಲ್ಲಿ ದಶಕಗಳ ಕಾಲ ಉಳಿದುದರಿಂದಲೇ ಹಳ್ಳಿಯ ಹೆಣ್ಣುಮಕ್ಕಳ ಆರೋಗ್ಯ ನಗರದ ದೊಡ್ಡ ಆಸ್ಪತ್ರೆಯ ಮುಖ್ಯ ಕಾಳಜಿಯಾಗಲು ಸಾಧ್ಯವಾಯಿತು.

ಚಿಕಿತ್ಸೆಯ ಆಚೆ, ವಿಜ್ಞಾನದ ಪ್ರಯೋಗಾಲಯಗಳಲ್ಲೂ ಪುಣೆ ಇದೇ ಪಾಠವನ್ನು ಕಲಿಸುತ್ತದೆ. ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಯೋಗದಲ್ಲಿ 1952ರಲ್ಲಿ ಇಲ್ಲಿ ಸ್ಥಾಪನೆಯಾದ ವೈರಸ್ ಸಂಶೋಧನಾ ಕೇಂದ್ರ ಕನ್ನಡಿಗರಿಗೆ ಪರಿಚಿತವಾದುದು ಮಲೆನಾಡಿನ ಮಂಗನ ಕಾಯಿಲೆಯ ಮೂಲಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದಕ್ಕೆ ಕಾರಣವಾದ, ಉಣ್ಣೆಗಳಿಂದ ಹರಡುವ ವೈರಸ್ಸನ್ನು ಗುರುತಿಸಿದವರು ಈ ಕೇಂದ್ರದ ವಿಜ್ಞಾನಿಗಳು. ಆ ಕಾಯಿಲೆಯ ಕುರಿತು ದೀರ್ಘಕಾಲ ಅಧ್ಯಯನ ನಡೆಸಿದ ಡಾ. ಖೋರ್ಶೆದ್ ಪಾವ್ರಿ, 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಮರುನಾಮಕರಣಗೊಂಡ ಈ ಸಂಸ್ಥೆಯನ್ನು ಹತ್ತು ವರ್ಷ ನಿರ್ದೇಶಕಿಯಾಗಿ ಮುನ್ನಡೆಸಿದರು. ಏಡ್ಸ್ ಭಾರತಕ್ಕೆ ಬಂದಿದೆಯೇ ಎಂದು ಹುಡುಕುವ ಆರಂಭದ ಕಣ್ಗಾವಲು ಕೇಂದ್ರಗಳಲ್ಲಿ ಪುಣೆಯೂ ಒಂದಾದುದು ಅವರ ಅವಧಿಯಲ್ಲಿ. 2020ರಲ್ಲಿ ಕೋವಿಡ್ ಬಂದಾಗ ಸಂಸ್ಥೆಯ ನಿರ್ದೇಶಕಿಯಾಗಿದ್ದವರು ಡಾ. ಪ್ರಿಯಾ ಅಬ್ರಹಾಂ; ಅಲ್ಲಿ ಬೇರ್ಪಡಿಸಿದ ವೈರಸ್ಸಿನ ತಳಿಯೇ ಕೋವ್ಯಾಕ್ಸಿನ್ ಲಸಿಕೆಗೆ ಆಧಾರವಾಯಿತು, ಆ ಕಾರ್ಯದಲ್ಲಿ ಡಾ. ಪ್ರಜ್ಞಾ ಯಾದವ್ ಪ್ರಮುಖರಾಗಿದ್ದರು. 2020ರ ಮಾರ್ಚ್ ತಿಂಗಳಲ್ಲಿ ಪುಣೆಯ ಮೈಲ್ಯಾಬ್ ಕಂಪನಿ ದೇಶದಲ್ಲೇ ತಯಾರಾದ ಮೊದಲ ಕೋವಿಡ್ ಪರೀಕ್ಷಾ ಕಿಟ್‌ಗೆ ಅನುಮತಿ ಪಡೆದಾಗ, ಅದನ್ನು ರೂಪಿಸಿದ ತಂಡದ ಮುಖ್ಯಸ್ಥೆ ಮೀನಲ್ ಭೋಸಲೆ ತುಂಬು ಗರ್ಭಿಣಿಯಾಗಿದ್ದು ಕೆಲಸ ಮುಗಿಸಿದ್ದರು. ಪತ್ರಿಕೆಗಳು ಅವರ ಹೆರಿಗೆಯನ್ನು ಅವರ ವಿಜ್ಞಾನದಷ್ಟೇ ದೊಡ್ಡದಾಗಿ ಬರೆದುದರಲ್ಲಿ, ಹೆಣ್ಣಿನ ಸಾಧನೆಯನ್ನು ತ್ಯಾಗದ ಕಥೆಯಾಗಿಸುವ ಹಳೆಯ ರೂಢಿ ಇನ್ನೂ ಉಳಿದಿರುವುದು ಕಾಣುತ್ತದೆ.

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ಚರಿತ್ರೆಯೂ ಇದಕ್ಕೆ ಪೂರಕವಾಗಿದೆ. ಡಾ. ಪುನೀತಾ ಅರೋರಾ 2004ರಲ್ಲಿ ಆ ಕಾಲೇಜಿನ ಮುಖ್ಯಸ್ಥೆಯಾದ ಮೊದಲ ಮಹಿಳೆಯಾಗಿ, ಭಾರತೀಯ ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಗೇರಿದ ಮೊದಲ ಮಹಿಳೆಯೂ ಆದರು. ಅಲ್ಲಿಯೇ ಎಂ.ಬಿ.ಬಿ.ಎಸ್. ಓದಿದ ಡಾ. ಸೌಮ್ಯಾ ಸ್ವಾಮಿನಾಥನ್ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಮುಖ್ಯ ವಿಜ್ಞಾನಿಯಾಗಿ, ಕೋವಿಡ್ ಕಾಲದುದ್ದಕ್ಕೂ 2022ರವರೆಗೆ ಆ ಹುದ್ದೆಯಲ್ಲಿದ್ದರು. ಆನಂದಿಬಾಯಿ ಪದವಿಗಾಗಿ ಸಮುದ್ರ ದಾಟಿ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅವರು ಕೊನೆಯುಸಿರೆಳೆದ ಊರಿನಲ್ಲೇ ಓದಿದ ಮಹಿಳೆಯೊಬ್ಬರು ಪ್ರಪಂಚದ ಆರೋಗ್ಯ ವಿಜ್ಞಾನದ ನೀತಿಯನ್ನು ನಿರೂಪಿಸುವ ಹುದ್ದೆಗೆ ಏರಿದರು.

ಆದರೆ ಶಿಖರದ ಹೆಸರುಗಳನ್ನು ಎಣಿಸಿ ಸಮಾನತೆಯನ್ನು ಅಳೆಯುವುದು ಅಪೂರ್ಣ ಲೆಕ್ಕವಾಗುತ್ತದೆ. ವಢುವಿನಂಥ ಪ್ರಯೋಗಗಳು ತೋರಿಸಿದ ದಾರಿಯಲ್ಲಿ 2005ರಲ್ಲಿ ಆರಂಭವಾದ ಆಶಾ ಯೋಜನೆ ಇಂದು ದೇಶದಾದ್ಯಂತ ಸುಮಾರು 10 ಲಕ್ಷ ಹೆಣ್ಣುಮಕ್ಕಳನ್ನು ಹಳ್ಳಿ ಮತ್ತು ನಗರದ ಕೇರಿಗಳ ಆರೋಗ್ಯದ ಕಾವಲಿಗೆ ನಿಲ್ಲಿಸಿದೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯಿಂದ ಗೌರವಿಸಿತು. ನಾಯಕರೆಂದು ಜಗತ್ತು ಹೆಸರಿಸಿದ ಈ ಮಹಿಳೆಯರನ್ನು ಸರ್ಕಾರದ ದಾಖಲೆಗಳು ಇಂದಿಗೂ ಸ್ವಯಂಸೇವಕಿಯರೆಂದೇ ಗುರುತಿಸುತ್ತವೆ. ಅವರಿಗೆ ಸಿಗುವುದು ವೇತನವಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅವರು ಅದಕ್ಕಾಗಿ ಪದೇ ಪದೇ ಬೀದಿಗಿಳಿದಿದ್ದಾರೆ. 1882ರಲ್ಲಿ ಪಂಡಿತಾ ರಮಾಬಾಯಿ ಶಿಕ್ಷಕಿಯನ್ನೂ ತನಿಖಾಧಿಕಾರಿಯನ್ನೂ ಒಟ್ಟಿಗೆ ಕೇಳಿದುದರಲ್ಲಿ ಇದ್ದ ವಿವೇಕ ಇಲ್ಲಿಗೂ ಅನ್ವಯಿಸುತ್ತದೆ: ಆಶಾ ಕಾರ್ಯಕರ್ತೆ ಬರೆದಿಟ್ಟ ಅಂಕಿಗಳನ್ನು ಓದುವ, ಅವಳ ಊರಿನ ಔಷಧದ ಹಣವನ್ನು ಹಂಚುವ, ಅವಳ ಸೇವಾ ನಿಯಮಗಳನ್ನು ಬರೆಯುವ ಸಭೆಗಳಲ್ಲಿ ಅವಳಿಗೇ ಸ್ಥಾನ ದೊರೆಯುವವರೆಗೆ, ಆರೋಗ್ಯ ಕ್ಷೇತ್ರದ ಲಿಂಗ ಸಮಾನತೆ ಕೆಲವು ಅಸಾಧಾರಣ ಮಹಿಳೆಯರ ಜೀವನಚರಿತ್ರೆಯಾಗಿರುತ್ತದೆಯೇ ಹೊರತು ವ್ಯವಸ್ಥೆಯ ಗುಣವಾಗುವುದಿಲ್ಲ.